ಹಗಲಿನ ಅಕ್ಕಿಕಾಳು

"ಏ...! ಯಾರದು? ಮೊದಲ ಕೈ ತೆಗೀರಿ! ದೇವರಿಗೆ ಹೊಡ್ಯಾಕತ್ತೀರಲ್ಲ!"

ಶೇವಂತೆವ್ವ ಕೂಗಿ ಸುಮ್ಮನಾಗಲಿಲ್ಲ. ಓಡಿಹೋಗಿ ಕಲ್ಲಿಗೆ ಅಂಟಿದ್ದ ಹಸಿ ಕಾಗದದ ಅಂಚು ಹಿಡಿದು ಎಳೆದೇಬಿಟ್ಟಳು. ಕಾಗದ ನಡುವೆ ಹರಿದು, ತೊಯ್ದ ಬಟ್ಟೆಯಂತೆ ಅವಳ ಕೈಗೆ ಬಂತು.

ಗಡಸು ಬ್ರಶ್ಶು ಹಿಡಿದು ಅಷ್ಟು ಹೊತ್ತು ಆ ಕಲ್ಲನ್ನು ಪಟಪಟನೆ ಬಡಿಯುತ್ತಿದ್ದ ಗಂಡಸು ತಿರುಗಿ ನೋಡಿದ. ಹರಿದ ಕಾಗದ ನೋಡಿದ. ಅವಳ ಹಿಂದೆ ಬಾಯಿ ತೆರೆದು ನಿಂತ ಹದಿನಾಲ್ಕು ಜನ ಶಾಲೆಯ ಹುಡುಗಿಯರನ್ನು ನೋಡಿದ.

"ಮುಗೀತೇನ್ರಿ? ಈ ಕಡಿ ಇನ್ನೊಂದಿಷ್ಟು ಉಳದೈತಿ. ಅದನ್ನೂ ಹರದ್ರ ನಿಮಗ ಸಮಾಧಾನ ಆಗತೈತಿ."

"ಯಾರು ನೀವು?"

"ಚಂದಪ್ಪ ಅಂತಾರ. ಧಾರವಾಡದಿಂದ ಬಂದೀನಿ. ಹಳೇ ಶಾಸನದ ಅಚ್ಚು ತೆಗಿಯೂದು ನನ್ನ ಕೆಲಸ."

"ಅಚ್ಚು ತೆಗ್ಯಾಕ ಹೊಡೀಬೇಕೇನು?"

"ಹೊಡದ್ರನ ಕಾಗದ ಅಕ್ಷರದೊಳಗ ಇಳೀತೈತಿ. ಆಮ್ಯಾಲ ಮಸಿ ಹಚ್ಚಬೇಕು. ಹೊಡಿಯೂದು ದೊಡ್ಡ ಮಾತಲ್ರಿ. ಈ ಕಲ್ಲಿನ ಎಣ್ಣಿ ಜಿಡ್ಡು ತಗ್ಯಾಕ ಎರಡು ದಿನ ಆತು. ಯಾ ಪುಣ್ಯಾತಗಿತ್ತಿ ಇಷ್ಟು ಎಣ್ಣಿ ಸುರದಾಳೋ!"

"ನಮ್ಮ ಅಕ್ಕೋರ ರೀ!" ಎಂದು ಒಬ್ಬ ಹುಡುಗಿ ಉತ್ಸಾಹದಿಂದ ಹೇಳಿಬಿಟ್ಟಳು. "ವರ್ಷಾ ಪರೀಕ್ಷಾಕ್ಕ ಮೊದಲ ನಮ್ಮ ಕೈಲೇ ಎಣ್ಣಿ ಹಚ್ಚಸ್ತಾರ. ಅಕ್ಷರ ತಲಿಗೆ ಹತ್ತತಾವಂತ!"

ಶೇವಂತೆವ್ವನ ಮುಖ ಕೆಂಪಾಯಿತು. ಹುಡುಗಿಯರನ್ನು ಮನೆಮನೆಯಿಂದ ಕರೆತರುವ ಶಾಲೆಯ ಆಯಾ ರಹಿಮಾಬಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಅದು ಹೊಸ ರಾಜ್ಯವಾಗಿ ಎರಡು ವರ್ಷ ತುಂಬಿದ ಕಾಲ. ಮನಗೂಳಿಯ ದಾರಿಯಲ್ಲಿ, ಜೋಳದ ಹೊಲಗಳ ನಡುವಿನ ಆ ಪಾಳುಗುಡಿಯ ಕಲ್ಲನ್ನು ಸುತ್ತಲಿನ ಹೆಂಗಸರು ಬರಹದವ್ವ ಎಂದು ಪೂಜಿಸುತ್ತಿದ್ದರು. ಅದರ ಮೈತುಂಬ ಅಕ್ಷರಗಳಿದ್ದವು. ಯಾರಿಗೂ ಓದಲು ಬರುತ್ತಿರಲಿಲ್ಲ. ಓದಲು ಬಾರದ್ದಕ್ಕೇ ಎಣ್ಣೆ ಹೆಚ್ಚುತ್ತಾ ಹೋಗಿತ್ತು, ಎಣ್ಣೆ ಹೆಚ್ಚಿದಷ್ಟೂ ಅಕ್ಷರ ಮುಚ್ಚುತ್ತಾ ಬಂದಿತ್ತು.

ಶೇವಂತೆವ್ವ ದನಿ ಇಳಿಸಿ ಕೇಳಿದಳು. "ಇದರಾಗ... ಏನು ಬರದೈತ್ರಿ?"

ಚಂದಪ್ಪ ಕಲ್ಲಿನ ಮೇಲೆ ಬೆರಳಾಡಿಸಿದ. "ಒಬ್ಬ ಹೆಣ್ಣುಮಗಳ ಮಾತ್ರಿ. ಗಂಡ ಕಾಳಗದಾಗ ತೀರಕೊಂಡಾನ. ಈಕಿ ಮೂಲಿ ಹಿಡದು ಕುಂತಿಲ್ಲ. ತನ್ನ ಹೊಲ ಕೊಟ್ಟು ಊರಿಗೆ ಕೆರಿ ಕಟ್ಟಿಸ್ಯಾಳ. ಊರವರು ಕೂಡಿ ಈಕಿಗೆ ಕಲ್ಲು ನಿಲ್ಲಿಸ್ಯಾರ."

ಹೇಳುತ್ತಾ ಅವನು ತಲೆ ಎತ್ತಿದ. ಆಗ ಕಂಡವು... ಅವಳ ಬರಿಗೈಗಳು. ವಿಭೂತಿಯೊಂದೇ ಇದ್ದ ಹಣೆ. ಅವನ ಮಾತು ಅಲ್ಲಿಗೇ ನಿಂತಿತು.

ಶೇವಂತೆವ್ವ ಕಣ್ಣು ಕೆಳಗೆ ಮಾಡಲಿಲ್ಲ. "ಯಾಕ ನಿಲ್ಲಿಸಿದ್ರಿ? ಮುಂದ ಓದ್ರಿ" ಎಂದಳು.

*

ಒಂಬತ್ತನೆಯ ವಯಸ್ಸಿಗೆ ಅವಳ ಮದುವೆಯಾಗಿತ್ತು. ಹನ್ನೊಂದನೆಯ ವಯಸ್ಸಿಗೆ ಬಳೆ ಒಡೆದಿದ್ದರು. ಸತ್ತ ಗಂಡನ ಮುಖ ಅವಳಿಗೆ ನೆನಪಿಲ್ಲ. ದಿನವೂ ಲಿಂಗಪೂಜೆಗೆ ಕುಳಿತಾಗ ಆ ಜೀವಕ್ಕೆ ಶಾಂತಿ ಬೇಡುತ್ತಿದ್ದಳು. ಮುಖವೇ ಇಲ್ಲದ ಒಬ್ಬರಿಗಾಗಿ ಹನ್ನೆರಡು ವರ್ಷ ದುಃಖಿಸುವುದು ಎಂಥ ಕಷ್ಟವೆಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ತಂದೆತಾಯಿ ಇರಲಿಲ್ಲ. ಬಾಗೇವಾಡಿಯ ಸೋದರಮಾವ ಗುರಲಿಂಗಪ್ಪ ಸಾಕಿದ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದಿಸಿದ. ಊರು ನಕ್ಕರೂ ಕೇಳದೆ ಹೆಣ್ಣುಮಕ್ಕಳ ಶಾಲೆಗೆ ಕಲಿಸುವ ಅಕ್ಕೋರಾಗಿ ಕಳಿಸಿದ. ಅವಳೂ ಆ ಋಣ ಮರೆತವಳಲ್ಲ.

ಶಾಲೆಯ ಇತಿಹಾಸದ ಪುಸ್ತಕದಲ್ಲಿ ದೂರದೂರದ ಕೋಟೆಗಳಿದ್ದವು. ತನ್ನ ಸುತ್ತಿನ ಒಂದು ಕಲ್ಲಿನ ಮಾತೂ ಇರಲಿಲ್ಲ. ಆದ್ದರಿಂದ ಆ ಚಳಿಗಾಲದಲ್ಲಿ ರವಿವಾರಗಳಂದು ಅವಳು ಹುಡುಗಿಯರ ಸಹಲು, ಅಂದರೆ ಶಾಲೆಯ ಪ್ರವಾಸ, ಹೊರಡಿಸಿದಳು. ಚಂದಪ್ಪ ಎಲ್ಲಿ ಕೆಲಸಕ್ಕಿದ್ದನೋ ಅಲ್ಲಿಗೆ ಬಂಡಿ ಇಲ್ಲವೆ ಬಸ್ಸು. ಜೊತೆಗೆ ರೊಟ್ಟಿಯ ಗಂಟು, ಕಾವಲಿಗೆ ರಹಿಮಾಬಿ.

ಇಂಡಿಯ ಕಡೆ ಸಾಲೋಟಗಿಗೆ ಹೋದಾಗ ಚಂದಪ್ಪ ಹೇಳಿದ. "ಸಾವಿರ ವರ್ಷದ ಹಿಂದ ಇಲ್ಲಿ ದೊಡ್ಡ ಪಾಠಶಾಲೆ ಇತ್ತಂತ ಶಾಸನದಾಗ ಐತಿ. ದೂರದ ನಾಡಿನವರು ಓದಾಕ ಬರ್ತಿದ್ರಂತ."

"ಅದರಾಗ ಹುಡುಗ್ಯಾರು ಇದ್ರೇನ್ರಿ?" ಶೇವಂತೆವ್ವ ಕೇಳಿದಳು.

"ಕಲ್ಲು ಅದನ್ನ ಹೇಳೂದಿಲ್ರಿ."

"ಹಂಗಾರ ಅದೂ ನಮ್ಮ ಶಾಲಾ ಕಮಿಟಿಯವರಂಗ!"

ಅವನು ಬಿದ್ದುಬಿದ್ದು ನಕ್ಕ. ತಾಳಿಕೋಟೆಯಲ್ಲಿ ಯುದ್ಧದ ಆನೆ ಬಿದ್ದ ಜಾಗ ತೋರಿಸಿರೆಂದು ಹುಡುಗಿಯರು ಗಂಟುಬಿದ್ದಾಗ, "ಯುದ್ಧಕ್ಕ ಈ ಊರ ಹೆಸರು ಬಂತವ್ವಾ, ಕಾಳಗ ದೂರ ಆಗೇತಿ" ಎಂದು ಒಪ್ಪಿಸುವಷ್ಟರಲ್ಲಿ ಬೆವತುಹೋದ.

ಮುದ್ದೇಬಿಹಾಳ ದಾಟಿ ತಂಗಡಗಿಗೆ ಹೋದ ದಿನ ಕೃಷ್ಣೆಯ ದಂಡೆಯಲ್ಲಿ ಅವನು ಮಸಿಯ ಬಟ್ಟೆಯುಂಡೆಯನ್ನು ಅವಳ ಮುಂದೆ ಹಿಡಿದ. "ಈ ಸಲ ನೀವ ಹಚ್ಚಿ ನೋಡ್ರಿ."

"ನಾನಾ? ಹರದ್ರ?"

"ಹರಿಯೂದು ನಿಮಗ ರೂಢಿ ಐತಲ್ಲ."

ಮೆಲ್ಲಗೆ ಒತ್ತಿದಳು. ಕಾಗದ ಕಪ್ಪಾಗುತ್ತಾ ಹೋದಂತೆ, ನಡುವೆ ಒಂದೊಂದೇ ಅಕ್ಷರ ಬೆಳ್ಳಗೆ ಎದ್ದು ಬಂತು. ಶೇವಂತೆವ್ವ ಮೈಮರೆತು ಗಟ್ಟಿಯಾಗಿ ನಕ್ಕಳು!

ಹುಡುಗಿಯರು ಆಟ ನಿಲ್ಲಿಸಿ ನೋಡಿದರು. ಅಕ್ಕೋರು ನಕ್ಕದ್ದನ್ನು ಅವರು ಕಂಡೇ ಇರಲಿಲ್ಲ.

"ನೀವು ಹಿಂಗ ನಕ್ಕೋತ ಇದ್ರ..." ಎಂದು ಶುರುಮಾಡಿದ ಚಂದಪ್ಪ ಮುಂದೆ ಹೇಳದೆ ಹೊಳೆಯ ಕಡೆ ತಿರುಗಿದ.

'ಏನು ಹೇಳುವವರಿದ್ದರು?' ಬರುವಾಗ ಬಸ್ಸಿನಲ್ಲಿ ಅವಳು ಕೈಯ ಮಸಿ ನೋಡಿಕೊಳ್ಳುತ್ತಾ ಕುಳಿತಳು. 'ಶಿವನೇ... ಇದು ತಪ್ಪೇ? ತಪ್ಪಾಗಿದ್ದರೆ ಎದೆ ಇಷ್ಟು ಹಗುರ ಯಾಕಾಗಿದೆ?'

*

ಹದಿನೈದು ದಿನ ಕಳೆದ ಮೇಲೆ ಒಂದು ಸಂಜೆ ಗುರಲಿಂಗಪ್ಪ ಅಂಗಡಿಯಿಂದ ಬೇಗ ಬಂದ. ಅವನ ಹೆಂಡತಿ ಇಂದ್ರಾಬಾಯಿ ನೀರು ಕೊಟ್ಟಳು. ಅವನ ಮುಖ ಅರಳಿತ್ತು.

"ಶೇವಂತಿ, ಬಾ ಇಲ್ಲೆ. ಆ ಧಾರವಾಡದ ಹುಡುಗ ಅಂಗಡಿಗೆ ಬಂದಿದ್ದ. ನಿನ್ನ ಕೇಳ್ಯಾನ. ಒಳ್ಳೆ ಹುಡುಗ, ಸರಕಾರಿ ನೌಕರಿ. ನಾ ಹೂಂ ಅಂದೀನಿ."

ಅವಳು ಕಂಬ ಹಿಡಿದುಕೊಂಡಳು. ಮುಖದ ನಗು ಕಾಣದಂತೆ ಅದರ ಮರೆಗೆ ಸರಿದಳು.

"ಬರೂ ಅಮಾಸಿಗೆ ಉಡಿಕಿ ಮಾಡಿಬಿಡೂಣು" ಎಂದ ಗುರಲಿಂಗಪ್ಪ.

ಉಡಿಕೆ! ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಕಳಿಸುವ ಪದ್ಧತಿ. ಅವರ ಮನೆತನಗಳಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ. ಆದರೆ ಅದು ನಡೆಯುವುದು ಕತ್ತಲಲ್ಲಿ. ವಾಲಗವಿಲ್ಲ, ಚಪ್ಪರವಿಲ್ಲ, ಅಕ್ಕಿಕಾಳಿಲ್ಲ. ಮುತ್ತೈದೆಯರು ಅತ್ತ ಸುಳಿಯುವಂತಿಲ್ಲ. ಊರು ಏಳುವ ಮೊದಲೇ ಅವಳು ಬಂಡಿ ಹತ್ತಿ ಹೋಗಿಬಿಡಬೇಕು. ಆಮೇಲೂ ಯಾರ ಶುಭಕಾರ್ಯಕ್ಕೂ ಅವಳಿಗೆ ಮುಂದಿನ ಸಾಲಿಲ್ಲ.

ಶೇವಂತೆವ್ವ ಕಂಬ ಬಿಟ್ಟು ನೆಟ್ಟಗೆ ನಿಂತಳು. "ಇದಕ್ಕ ಅವರು ಒಪ್ಯಾರೇನು ಮಾವಾ?"

"ನಿಮ್ಮ ಪದ್ಧತಿ ಹೆಂಗೈತಿ ಹಂಗ ಆಗಲಿ ಅಂದ. ಮತ್ತೇನು ಬೇಕು?"

ಅವಳೆದೆಯಲ್ಲಿ ಏನೋ ಮುರಿಯಿತು. 'ಬಿಸಿಲಲ್ಲಿ ನಿಂತು ನನ್ನೊಡನೆ ಅಷ್ಟು ಮಾತಾಡಿದವರು... ನನ್ನನ್ನು ಕತ್ತಲಲ್ಲಿ ಒಯ್ಯಲು ಒಪ್ಪಿದರೇ?'

"ನಂಗ ಬ್ಯಾಡ" ಎಂದಳು.

"ಏನಂದಿ?"

"ನಾ ಏನು ಕಳವು ಮಾಡೀನೇನು ಮಾವಾ, ಕತ್ತಲದಾಗ ಹೋಗಾಕ? ಹಗಲ ಸಾಲಿಗೆ ಹೋಗ್ತೇನಿ, ಹಗಲ ಬರ್ತೇನಿ. ಮದಿವಿ ಆದ್ರ ಹಗಲ ಆಗ್ತೇನಿ. ಇಲ್ಲಂದ್ರ ಹಿಂಗ ಇರ್ತೇನಿ."

"ಹುಚ್ಚಿ! ಲೋಕದಾಗ ಇಲ್ಲದ್ದು ಕೇಳ್ತಿ? ಹಗಲ ಅಕ್ಕಿಕಾಳು ಹಾಕಾಕ ಯಾರು ಬರ್ತಾರ ನಿನಗ?"

ಇಂದ್ರಾಬಾಯಿ ಒಲೆಯ ಮುಂದಿನಿಂದ ಏಳಲಿಲ್ಲ.

ಮರುದಿನ ಚಂದಪ್ಪನಿಗೆ ಮುಟ್ಟಿದ್ದು ಇಷ್ಟೇ ಮಾತು. ಅಕ್ಕೋರು ಒಲ್ಲೆ ಅಂದಾರ. ಯಾಕೆಂದು ಗುರಲಿಂಗಪ್ಪ ಮಾನಕ್ಕಂಜಿ ಹೇಳಲಿಲ್ಲ, ಅವನೂ ಸಂಕೋಚಪಟ್ಟು ಕೇಳಲಿಲ್ಲ.

ಊರಲ್ಲಿ ಮಾತು ಬೆಳೆಯಿತು. ವಾರದೊಳಗೆ ಶಾಲೆಗೆ ಕಮಿಟಿಯ ಚೀಟಿ ಬಂತು. ಇನ್ನು ಮುಂದೆ ಹೆಣ್ಣುಮಕ್ಕಳ ಸಹಲು ಕೂಡದು.

ಶೇವಂತೆವ್ವ ಚೀಟಿಯ ಕೆಳಗೆ 'ಓದಿಕೊಂಡೆನು' ಎಂದು ಬರೆದು ಸಹಿ ಹಾಕಿ ಮರಳಿ ಕಳಿಸಿದಳು. ಆಮೇಲೆ ರಹಿಮಾಬಿಯನ್ನು ಕರೆದಳು.

"ರವಿವಾರ ಇಂಗಳೇಶ್ವರಕ್ಕ ಬಂಡಿ ಹೇಳು."

"ಅಕ್ಕೋರ, ನೌಕರಿ ಹೋಗತೈತ್ರಿ!"

"ಹೋದ್ರ ಹೋಗಲಿ. ಪಾಠ ಅರ್ಧಾ ಬಿಡಾಕ ಆಗೂದಿಲ್ಲ."

ರಹಿಮಾಬಿ ಕಣ್ಣು ಕಿರಿದು ಮಾಡಿದಳು. "ಇಂಗಳೇಶ್ವರದಾಗ ಅವರು ಅದಾರ್ರಿ. ಸೋಮವಾರದ ಬಸ್ಸಿಗೆ ಹೊಂಟಾರಂತ."

"ಗೊತ್ತೈತಿ" ಎಂದಳು ಶೇವಂತೆವ್ವ.

*

ಹದಿನಾಲ್ಕು ಹುಡುಗಿಯರಲ್ಲಿ ಒಂಬತ್ತು ಜನ ಬಂದರು. ಇಂಗಳೇಶ್ವರದ ಗುಡ್ಡದ ಬುಡದಲ್ಲಿ ಚಂದಪ್ಪ ಒಣಗಿದ ಅಚ್ಚುಗಳನ್ನು ಸುರುಳಿ ಸುತ್ತುತ್ತಿದ್ದ. ಕಣ್ಣ ಕೆಳಗೆ ಕಪ್ಪಾಗಿತ್ತು. ಅವಳನ್ನು ಕಂಡು ಎದ್ದು ನಿಂತ. ಆದರೆ ಮುಖ ನೋಡಲಿಲ್ಲ.

"ಗವಿ ಮ್ಯಾಲ ಐತ್ರಿ. ಹುಡುಗ್ಯಾರಿಗೆ ತೋರಿಸ್ರಿ. ನಾ ಹೊಂಟೇನಿ."

"ಹೋಗ್ರಿ. ಒಂದು ಮಾತಿಗೆ ಜವಾಬು ಕೊಟ್ಟು ಹೋಗ್ರಿ."

"ಜವಾಬು ನೀವ ಕೊಟ್ಟೀರಲ್ರಿ... ಒಲ್ಲೆ ಅಂತ."

"ಹೌದು, ಅಂದೀನಿ! ಮತ್ತೊಮ್ಮೆನೂ ಅಂತೇನಿ!" ಅವಳ ದನಿ ಏರಿತು. ಹುಡುಗಿಯರು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತರು. "ಊರೂರಿನ ಕಲ್ಲಿನ ಮುಂದ ಸುಡುಸುಡು ಬಿಸಲಾಗ ಕುಂದರ್ತೀರಿ. ನನ್ನ ಕರಕೊಂಡ ಹೋಗಾಕ ಅಮಾಸಿ ಕತ್ತಲಿ ಬೇಕಾತೇನ್ರಿ ನಿಮಗ?"

"ಅಮಾಸಿ? ಯಾ ಅಮಾಸಿ?"

"ನಮ್ಮ ಪದ್ಧತಿ ಹೆಂಗೈತಿ ಹಂಗ ಆಗಲಿ ಅಂದೀರೋ ಇಲ್ಲೋ?"

"ಅಂದೀನ್ರಿ. ಹಿರ್ಯಾರ ಮುಂದ ಮತ್ತೇನು ಅನಬೇಕು? ಲಗ್ನಕ್ಕ ಹೋಳಿಗಿ ಮಾಡೂದೋ ಮಾದಲಿ ಮಾಡೂದೋ ಅದು ಅವರಿಗೆ ಬಿಟ್ಟದ್ದು ಅಂತ ಅಂದೀನಿ!"

ರಹಿಮಾಬಿ ತಡೆಯಲಾರದೆ ನಡುವೆ ಬಂದಳು. ಉಡಿಕೆ ಎಂದರೇನು, ಯಾವ ಹೊತ್ತಿಗೆ, ಯಾರು ಬರುವಂತಿಲ್ಲ ಎಂಬುದನ್ನೆಲ್ಲ ಬೆರಳು ಮಡಚಿ ಮಡಚಿ ಹೇಳಿದಳು.

ಚಂದಪ್ಪ ಅಲ್ಲಿಯೇ ಕಲ್ಲಿನ ಮೇಲೆ ಕುಸಿದು ಕುಳಿತ. ಅವನು ಆರನೆಯ ವಯಸ್ಸಿನಿಂದ ಮಠದ ಪ್ರಸಾದನಿಲಯದಲ್ಲಿ ಬೆಳೆದವನು. ಹೆತ್ತವರಿಲ್ಲ, ಅಕ್ಕತಂಗಿಯರಿಲ್ಲ. ಸಂಸಾರದ ಮನೆಯೊಳಗಿನ ಪದ್ಧತಿ ಅವನು ಕಂಡವನೇ ಅಲ್ಲ.

"ಮದಿವಿ ಅಂದ್ರ ಪಂಗ್ತಿ ಊಟಕ್ಕ ಹೋಗಿದ್ದಷ್ಟ ನಂಗ ಗೊತ್ತು" ಎಂದ, ತಲೆಯ ಮೇಲೆ ಕೈಯಿಟ್ಟುಕೊಂಡು.

"ಎಂಟನೂರು ವರ್ಷದ ಹಿಂದಿಂದೆಲ್ಲಾ ಓದ್ತಾರಂತ, ಎದುರುಮನಿದು ಗೊತ್ತಿಲ್ಲ ಈ ಮನಷ್ಯಾಗ!" ರಹಿಮಾಬಿ ಹಣೆ ಹಣೆ ಬಡಿದುಕೊಂಡಳು. "ಬರ್ರೆವಾ, ಗವಿ ನೋಡೂಣು. ಇಲ್ಲಿ ನೋಡೂವಂಥಾದ್ದು ಏನಿಲ್ಲ."

ಹುಡುಗಿಯರು ಹೋದರು. ತಿರುತಿರುಗಿ ನೋಡುತ್ತಾ ಹೋದರು.

ಚಂದಪ್ಪ ಎದ್ದು ಎದುರಿಗೆ ಬಂದ. ಈಗ ಅವಳ ಮುಖ ನೋಡಿದ. "ಶೇವಂತೆವ್ವಾ... ನಿಮ್ಮನ್ನ ಮರಿಮಾಚಿ ಒಯ್ಯಬೇಕಂತ ನಾ ಕೇಳಿಲ್ರಿ. ನೀವು ಒಲ್ಲೆ ಅಂದ ದಿನದಿಂದ ಒಂದು ಅಕ್ಷರ ನಂಗ ಓದಾಕ ಆಗಿಲ್ಲ. ನಿಮ್ಮ ಜೋಡಿ ಇರಬೇಕಂತ ಆಶಾ ಐತಿ. ಎಲ್ಲಾರ ಮುಂದ."

ಕಣ್ಣು ತುಂಬಿ ಬಂದರೂ ಶೇವಂತೆವ್ವ ಒರೆಸಿಕೊಳ್ಳಲಿಲ್ಲ. "ಈ ಮಾತು ಗುಡ್ಡಕ್ಕ ಹೇಳಬ್ಯಾಡ್ರಿ. ನಮ್ಮ ಮಾವಗ ಹೇಳ್ರಿ. ಇವತ್ತ. ನನ್ನ ಜೋಡಿ ನಡಕೋತ ಬಂದು ಹೇಳ್ರಿ."

*

ಬಾಗೇವಾಡಿಯ ಪೇಟೆಯ ಬೀದಿಯಲ್ಲಿ ಅವರಿಬ್ಬರು ನಡೆದುಹೋದರು. ಅವನು ಮುಂದೆ, ಅವಳು ಹಿಂದೆ ಅಲ್ಲ. ಜೊತೆಜೊತೆಗೆ. ತಕ್ಕಡಿ ಹಿಡಿದ ಕೈಗಳು ನಿಂತವು. ಯಾರೋ ಕೆಮ್ಮಿದರು, ಯಾರೋ ಉಗುಳಿದರು. ಶೇವಂತೆವ್ವ ಸೆರಗು ಮುಂದಕ್ಕೆ ಎಳೆದುಕೊಳ್ಳಲಿಲ್ಲ.

ಗುರಲಿಂಗಪ್ಪ ಅಂಗಡಿಯಿಂದ ಇಬ್ಬರನ್ನೂ ಮನೆಯೊಳಗೆ ಕರೆತಂದು ಬಾಗಿಲು ಹಾಕಿದ. ಎಲ್ಲವನ್ನೂ ಕೇಳಿದ. ಅವನು ಕೆಟ್ಟವನಲ್ಲ, ಅಂಜಿದವನು.

"ತಮ್ಮಾ, ನಿನ್ನ ಮನಸು ಒಳ್ಳೇದೈತಿ. ಆದ್ರ ನಂಗ ಇನ್ನೂ ಎರಡು ಹೆಣ್ಣುಮಕ್ಕಳು ಅದಾವು. ಹಗಲ ವಾಲಗ ಊದಿಸಿ ಇಂಥಾ ಮದಿವಿ ಮಾಡಿದ್ರ ನಾಳೆ ಅವರನ್ನ ಯಾರು ಕೇಳ್ತಾರ?"

"ಮಾವಾ" ಎಂದಳು ಶೇವಂತೆವ್ವ. "ನೀವು ನನಗ ಅನ್ನ ಹಾಕೀರಿ, ಅಕ್ಷರ ಕೊಟ್ಟೀರಿ. ನಿಮ್ಮ ಕಾಲು ಮುಟ್ಟಿ ಕೇಳ್ತೇನಿ. ಅವರಿಗೂ ನನ್ನಂಗ ಆದ್ರ? ಅವರನ್ನೂ ಕತ್ತಲದಾಗ ಕಳಸ್ತೀರೇನು?"

"ಬಿಡ್ತು ಅನ್ನು!" ಎಂದು ಗುರಲಿಂಗಪ್ಪ ಗುಡುಗಿದ. "ನನ್ನ ಮಕ್ಕಳಿಗೆ ಶಾಪ ಹಾಕ್ತಿ? ಮಾಡಕೋ ಹೋಗು! ಎಲ್ಲಿ ಬೇಕಾದಲ್ಲಿ ಮಾಡಕೋ! ನಾ ಮಾತ್ರ ಬರೂದಿಲ್ಲ!"

ಒಳಗೆ ಇಂದ್ರಾಬಾಯಿಯ ಕೈಯಿಂದ ಪಾತ್ರೆ ಬಿದ್ದ ಸದ್ದಾಯಿತು.

*

ಮದುವೆ ಮಾಡಿಸಲು ಮೂವರು ಅಯ್ಯನವರು ಒಲ್ಲೆ ಎಂದರು. ನಾಲ್ಕನೆಯವರು ಎಂಬತ್ತು ದಾಟಿದವರು.

"ಅಮಾಸಿ ರಾತ್ರಿ ಅಂದ್ರ ನನ್ನ ಕರೀಬ್ಯಾಡ್ರಿ, ನಂಗ ಇರುಳಿನಾಗ ಕಣ್ಣು ಕಾಣೂದಿಲ್ಲ" ಎಂದರು ಅವರು. "ಹಗಲ ಅಂದ್ರ ಬರ್ತೇನಿ. ಬಸವಣ್ಣನ ಊರಾಗ ಹೆಣ್ಣಿಗೊಂದು ಹೊತ್ತು, ಗಂಡಿಗೊಂದು ಹೊತ್ತು ಅಂತ ಎಣಿಸಿದ್ರ ನಾಳೆ ಶಿವನ ಮುಂದ ಏನು ಹೇಳ್ಲಿ ನಾನು?"

ಬಸವಣ್ಣನ ಗುಡಿಯ ಅಂಗಳದಲ್ಲಿ, ಮಾಘ ಮಾಸದ ಒಂದು ಸೋಮವಾರ, ನೆತ್ತಿಯ ಮೇಲೆ ಸೂರ್ಯನಿದ್ದಾಗ ಶೇವಂತೆವ್ವ ಹಸಿರು ಇಳಕಲ್ಲ ಸೀರೆ ಉಟ್ಟು ಕುಳಿತಳು. ವಾಲಗದವರು ಬಂದಿರಲಿಲ್ಲ. ಬಂದದ್ದು ರಹಿಮಾಬಿ, ಒಂಬತ್ತು ಹುಡುಗಿಯರು, ಅವರಲ್ಲಿ ಕೆಲವರ ತಂದೆಯರು. ಊರ ಹೆಂಗಸರು ದೂರದ ಬೇವಿನ ಗಿಡದ ಕೆಳಗೆ ಗುಂಪುಗೂಡಿ ನೋಡುತ್ತಿದ್ದರು. ಒಬ್ಬ ಮುತ್ತೈದೆಯೂ ಹತ್ತಿರ ಬರಲಿಲ್ಲ.

'ಬರದಿದ್ದರೆ ಬರದಿರಲಿ' ಎಂದುಕೊಂಡಳು. ಆದರೂ ಕಣ್ಣು ಬೇವಿನ ಗಿಡದ ಕಡೆಗೇ ಹೋಯಿತು. ತಾಳಿ ಕಟ್ಟುವ ಹೊತ್ತು ಬಂತು. ಕುಂಕುಮ ಹಚ್ಚುವವರು ಯಾರು? ಅಯ್ಯನವರು ಸುತ್ತಲೂ ನೋಡಿದರು.

ಆಗ ಬೇವಿನ ಗಿಡದ ಕೆಳಗಿನ ಗುಂಪು ಎರಡಾಯಿತು. ಇಬ್ಬರು ಹೆಣ್ಣುಮಕ್ಕಳ ಕೈಹಿಡಿದು, ಕಂಕುಳಲ್ಲಿ ಹಿತ್ತಾಳೆಯ ಬೋಗುಣಿ ಇಟ್ಟುಕೊಂಡು ಇಂದ್ರಾಬಾಯಿ ಬಂದಳು. ನೇರವಾಗಿ ಬಂದು ಶೇವಂತೆವ್ವನ ಎದುರು ಕುಳಿತಳು.

"ಅತ್ತಿ... ನೀವು..." ಎಂದಳು ಶೇವಂತೆವ್ವ.

"ಆ ದಿನ ನೀ ಕೇಳಿದ ಮಾತಿಗೆ ನಂಗ ನಿದ್ದಿ ಹತ್ತಿಲ್ಲವಾ. ನನ್ನ ಮಕ್ಕಳ ಮಾರಿ ನೋಡಿದಾಗೊಮ್ಮೆ ಅದ ಮಾತು." ಅವಳು ಹಣೆಗೆ ಕುಂಕುಮವಿಟ್ಟಳು. ಅವಸರದಲ್ಲಿ ಬೊಟ್ಟು ಸೊಟ್ಟಗಾಯಿತು. "ನಿಮ್ಮ ಮಾವ ಬರೂದಿಲ್ಲಂದ್ರು. ಅಕ್ಕಿ ಮಾತ್ರ ತಾವ ಅಳದು ಕೊಟ್ಟಾರ. ಕಮ್ಮಿ ಬೀಳಬಾರದು ಅಂದ್ರು."

ಶೇವಂತೆವ್ವ ಇಷ್ಟು ದಿನ ತಡೆದಿದ್ದ ಅಳು ಒಡೆದುಹೋಯಿತು. ಇಂದ್ರಾಬಾಯಿ ಎದ್ದು ಬೇವಿನ ಗಿಡದ ಕಡೆ ಬೋಗುಣಿ ಎತ್ತಿ ಕೂಗಿದಳು.

"ಏನ್ ನೋಡ್ತೀರಿ ನಿಂತು? ಹಗಲ ಐತಿ, ಕಣ್ಣಿಗೆ ಕಾಣತೈತಿ! ಅಕ್ಕಿಕಾಳು ಹಾಕಾಕ ಬರ್ತೀರೋ, ನಾ ಒಬ್ಬಾಕೀನ ಹಾಕಲೋ?"

ಮೊದಲು ಒಬ್ಬಳು ಬಂದಳು. ಆಮೇಲೆ ಇಬ್ಬರು. ಎಲ್ಲರೂ ಬರಲಿಲ್ಲ. ಚಂದಪ್ಪ ತಾಳಿ ಕಟ್ಟುವಾಗ ಬಂದಷ್ಟೇ ಕೈಗಳು ಸಾಕಾದವು. ಹುಡುಗಿಯರಂತೂ ಮುಷ್ಟಿಮುಷ್ಟಿ ಎರಚಿ ಅಯ್ಯನವರ ಗಡ್ಡದ ತುಂಬ ಅಕ್ಕಿ ಮಾಡಿದರು!

ಗುಡಿಯಿಂದ ಹೊರಡುವಾಗ ಇಂದ್ರಾಬಾಯಿ ಬಾಗಿಲಿಗೆ ಅಡ್ಡ ಕೈಯಿಟ್ಟಳು. "ಹಂಗ ಹೊಂಟ್ರ ಹೆಂಗವಾ? ಗಂಡನ ಹೆಸರ ಹೇಳು. ಆಮ್ಯಾಲ ಬಿಡ್ತೇನಿ."

ಉಡಿಕೆಯವಳನ್ನು ಯಾರೂ ಹೆಸರು ಕೇಳುವುದಿಲ್ಲ. ಮೊದಲ ಮದುವೆಯಲ್ಲಿ ಕೇಳಿದಾಗ ಅವಳು ಒಂಬತ್ತರ ಮಗು, ನಿದ್ದೆಗಣ್ಣಿನಲ್ಲಿ ಏನು ಹೇಳಿದಳೋ! ಈಗ ಸುತ್ತಲಿನ ಹೆಂಗಸರು ನಗುತ್ತಾ ಹತ್ತಿರ ಸರಿದರು.

"ಸುಮ್ಮ ಹೇಳಬಾರದು, ಹಾಡು ಕಟ್ಟಿ ಹೇಳಬೇಕು!" ಎಂದಳು ಒಬ್ಬಳು.

"ಹಾಡು ನಂಗ ಬರೂದಿಲ್ಲ" ಎಂದಳು ಶೇವಂತೆವ್ವ. ತಲೆ ಎತ್ತಿ, ತರಗತಿಯಲ್ಲಿ ಹಾಜರಿ ಕರೆಯುವ ದನಿಯಲ್ಲಿ, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು. "ಚಂದಪ್ಪ!"

ಒಂಬತ್ತು ಹುಡುಗಿಯರು ಒಟ್ಟಿಗೆ "ಹಾಜರ್ ರೀ!" ಎಂದರು. ಗುಡಿಯೆಲ್ಲ ನಗೆ ತುಂಬಿತು.

ಬಂಡಿ ಊರ ಅಗಸೆಬಾಗಿಲು ದಾಟಿದಾಗ ಬಿಸಿಲು ಇನ್ನೂ ಇತ್ತು. ಚಂದಪ್ಪ ಮೆಲ್ಲಗೆ ಕೇಳಿದ.

"ಇನ್ನೊಮ್ಮೆ ಹೇಳ್ತೀರೇನು?"

"ಏನು?"

"ಅದ... ಹೆಸರು."

"ಯಾಕ, ಆಗ ಕೇಳಿಸಲಿಲ್ಲೇನು ನಿಮಗ?"

"ಕೇಳಿಸ್ತು. ನನ್ನ ಹೆಸರು ಅಷ್ಟು ಗಟ್ಟಿ ಯಾರೂ ಕರದಿರಲಿಲ್ಲ. ಅದಕ್ಕ."

ಶೇವಂತೆವ್ವ ಅವನ ಹೆಗಲ ಮೇಲಿನ ಒಂದು ಅಕ್ಕಿಕಾಳು ತೆಗೆದಳು. ಈ ಸಲ ಅವನೊಬ್ಬನಿಗೇ ಕೇಳುವಷ್ಟು ಸಣ್ಣಗೆ, ಇನ್ನೊಮ್ಮೆ ಹೇಳಿದಳು.